ಶಿರಸಿ ಸೀಮೆಯ ಇರುವೆ ಪಟ್ಟಿ 31ಕ್ಕೇ ನಿಂತಿದೆ: ಇರೋದೇ ಇಷ್ಟಾ, ಹುಡುಕೋ ಕ್ರಮ ತಪ್ಪಾ?

ಸೊಪ್ಪಿನಬೆಟ್ಟ
ಶಿರಸಿ ಹತ್ತಿರ ನಾಲ್ಕು ಥರದ ಜಾಗ ಆರಿಸಿಕೊಂಡು ಇರುವೆ ಪಟ್ಟಿ ಮಾಡ್ತಾ ಇದ್ದೇವೆ. ಅಡಿಕೆ ತೋಟ, ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು, ತರಗು ತರೋ ಕಾಡು), ಗದ್ದೆ ಬದು, ಊರೊಳಗಿನ ಮನೆಯಂಗಳ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಬೆಳಿಗ್ಗೆ 8ರಿಂದ 11. ಕಣ್ಣಿಗೆ ಬಿದ್ದದ್ದರ ಫೋಟೊ ತೆಗೆಯೋದು, ಹತ್ತು ಹೆಜ್ಜೆಗೊಂದು ಬೆಲ್ಲದ ನೀರಿನ ಹತ್ತಿ ಇಡೋದು, ಇಷ್ಟೇ ವಿಧಾನ.

31 ಪ್ರಭೇದಕ್ಕೆ ನಿಂತುಬಿಟ್ಟಿದೆ. ಕಡೇ ಹತ್ತು ಸುತ್ತಲ್ಲಿ ಹೊಸತು ಒಂದೂ ಇಲ್ಲ. ಅದಕ್ಕಿಂತ ತಲೆ ತಿನ್ನೋ ವಿಷಯ ಅಂದ್ರೆ ಮನೆಯಂಗಳದಲ್ಲಿ 17 ಸಿಕ್ಕರೆ ಬೆಟ್ಟದಲ್ಲಿ ಬರೀ 14. ಕಾಡಿಗಿಂತ ಅಂಗಳದಲ್ಲೇ ಇರುವೆ ವೈವಿಧ್ಯ ಜಾಸ್ತಿ ಅಂತ ಬರೆದರೆ ಜನ ನಗ್ತಾರೆ. ನಿಜಕ್ಕೂ ಇಷ್ಟೇನಾ?

ವಿಂಕ್ಲರ್ ಅಕ್ಕ
ಹತ್ತು ಸುತ್ತಲ್ಲಿ ಹೊಸತು ಬರಲಿಲ್ಲ ಅಂದರೆ ಇರುವೆ ಮುಗೀತು ಅಂತಲ್ಲ, ಆ ವಿಧಾನದಲ್ಲಿ ಸಿಗೋದು ಮುಗೀತು ಅಂತ. ಬೆಳಗಿನ ಬೆಳಕು, ಬರಿಗಣ್ಣು, ಬೆಲ್ಲ ಈ ಮೂರೂ ಸೇರಿ ಒಂದೇ ಥರದ ಇರುವೆಯನ್ನ ಆರಿಸ್ತವೆ: ಹಗಲು ಓಡಾಡೋದು, ನೆಲದ ಮೇಲೆ ಕಾಣೋ ಗಾತ್ರದ್ದು, ಸಿಹಿ ಕಂಡ ಕೂಡಲೇ ಸಂಗಾತಿಗಳನ್ನ ಕರೆತರೋದು. ತರಗೆಲೆ ಅಡಿಯ ಇರುವೆ ಇದರಲ್ಲಿ ಸಿಗೋದೇ ಇಲ್ಲ. ಸ್ಟ್ರುಮಿಜೆನಿಸ್ ಸುಮಾರು 2 ಮಿಲಿಮೀಟರ್, ಮುಟ್ಟಿದರೆ ಓಡೋ ಬದಲು ಅಲ್ಲಾಡದೆ ಮಣ್ಣಿನ ಕಣದ ಹಾಗೆ ಬಿದ್ದಿರುತ್ತೆ. ಹೈಪೊಪೊನೆರಾ, ಕೆರೆಬಾರಾ ಕೂಡ ಅದೇ ಪಂಗಡ. ಬೇಟೆಗಾರ ಇರುವೆಗಳಂತೂ ಬೆಲ್ಲದ ಕಡೆ ತಿರುಗಿಯೂ ನೋಡಲ್ಲ.

ಅಂಗಳದ 17 ಯಾವುವು ಅಂತ ಹಾಕಿ ನೋಡೋಣ.

ಸೊಪ್ಪಿನಬೆಟ್ಟ
ಖಚಿತ ಇರೋವು: ಪ್ಯಾರಾಟ್ರೆಕಿನಾ ಲಾಂಗಿಕಾರ್ನಿಸ್, ಟಪಿನೋಮಾ ಮೆಲನೊಸೆಫಲಮ್, ಮೊನೊಮೋರಿಯಮ್ ಫರೋನಿಸ್, ಸೊಲೆನೊಪ್ಸಿಸ್ ಜೆಮಿನಾಟಾ, ಅನಾಪ್ಲೊಲೆಪಿಸ್ ಗ್ರಾಸಿಲಿಪೆಸ್, ಕಂಪೊನೋಟಸ್ ಕಂಪ್ರೆಸಸ್. ಉಳಿದದ್ದು ಫೈಡೋಲಿ, ಕ್ರಿಮಾಟೊಗ್ಯಾಸ್ಟರ್ ಅಂತ ಕುಲದ ಮಟ್ಟದಲ್ಲೇ ಇವೆ.

ವಿಂಕ್ಲರ್ ಅಕ್ಕ
ಅಂದ್ಕೊಂಡೆ. ಮೊದಲ ಐದೂ ಲೋಕಸಂಚಾರಿಗಳು, ಮನುಷ್ಯನ ಸಾಮಾನಿನ ಜೊತೆ ಹಡಗು, ಕುಂಡ, ಚೀಲ ಹತ್ತಿ ಉಷ್ಣವಲಯವೆಲ್ಲ ಹಬ್ಬಿದವು. ಸೊಲೆನೊಪ್ಸಿಸ್ ಜೆಮಿನಾಟಾ ಮೂಲತಃ ಅಮೆರಿಕ ಖಂಡದ್ದು. ನಿಮ್ಮ ಅಂಗಳದ ಪಟ್ಟಿಯನ್ನ ಮಂಗಳೂರಲ್ಲೋ ಮಲೇಷ್ಯಾದಲ್ಲೋ ಮಾಡಿದರೂ ಇದೇ ಐದು ಹೆಸರು ಬರುತ್ತೆ. ಬೆಟ್ಟದ 14 ಬೇರೆಲ್ಲೂ ಸಿಗದೇ ಇರಬಹುದು. ಎಣಿಕೆ ಜಾಸ್ತಿ ಇರೋ ಕಡೆ ವೈವಿಧ್ಯ ಶ್ರೀಮಂತ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ.

ಬಯಲುಸೀಮೆ
ಫೆಬ್ರವರಿಯಿಂದ ಏಪ್ರಿಲ್ ಅಂದ್ರ ಬ್ಯಾಸಗಿ. ತೇವ ಕೆಳಗ ಇಳದಿರತೈತಿ, ಇರಬಿನೂ ಅದರ ಹಿಂದ ಇಳದಿರತಾವು. ಮ್ಯಾಲೆ ಹುಡುಕಿದ್ರ ಏನ್ ಸಿಗಬೇಕ್ರಿ?

ಎರುಗು
ಇನ್ನೊಂದು ವಿಷಯ ಯಾರೂ ಕೇಳಿದ್ದಿಲ್ಲೆ. ಆ ಬೆಟ್ಟದಲ್ಲಿ ದರಕು ಗುಡಿಸ್ತವಾ? ಕೊಟ್ಟಿಗೆ ಹಾಸಿಗೆ, ತೋಟದ ಬುಡಕ್ಕೆ ಅಂತ ಚಳಿಗಾಲ ಕಳೀತಿದ್ದ ಹಾಗೆ ಒಣ ಎಲೆ ಎಲ್ಲ ಬುಟ್ಟಿ ಸೇರ್ತು. ತರಗೆಲೆ ಇರುವೆಯ ಮನೆಯನ್ನೇ ಹೊತ್ತುಕೊಂಡು ಹೋದ ಮೇಲೆ ಅಲ್ಲಿ ಇರುವೆ ಹುಡುಕಿದರೆ 14 ಸಿಕ್ಕಿದ್ದೇ ದೊಡ್ಡದು.

ಸೊಪ್ಪಿನಬೆಟ್ಟ
ಗುಡಿಸ್ತಾರೆ. ಜನವರಿಯಲ್ಲೇ ಪೂರ್ತಿ ಬೋಳು. ಇದು ಹೊಳೆದೇ ಇರಲಿಲ್ಲ.

ಎರುಗು
ಹಂಗಾದರೆ ಗುಡಿಸಿದ ಬೆಟ್ಟ, ಗುಡಿಸದ ಬೆಟ್ಟ ಅಂತ ಎರಡು ಜಾಗ ಮಾಡಿ. ನಾಲ್ಕಲ್ಲ, ಐದು. ದೇವರಕಾಡು ಹತ್ತಿರ ಇದ್ದರೆ ಅದು ಆರನೇದು, ಅಲ್ಲಿ ಎಲೆ ಕೊಳೆಯೋಕೆ ಬಿಟ್ಟಿರ್ತ.

ಕ್ಯಾಮೆರಾ ಕಣ್ಣು
ಎಲ್ಲರೂ ಸೇರಿ ಫೋಟೊ ವಿಧಾನವನ್ನ ಹೂತುಹಾಕೋ ಮುಂಚೆ ಒಂದು ಮಾತು. ಊರ ಜನ ಸೇರಿ ಮಾಡೋ ಪಟ್ಟಿಗೆ ಫೋಟೊ ಸಾಕು. ಮರದ ಎಲೆ ಹೆಣೆದು ಗೂಡು ಕಟ್ಟೋ ಚಗಳಿ (ಈಕೊಫಿಲಾ ಸ್ಮರಾಗ್ಡಿನಾ), ಜಿಗಿಯುವ ಹಾರ್ಪೆಗ್ನಾಥಸ್ ಸಾಲ್ಟೇಟರ್, ಕಪ್ಪು ತಲೆ, ಕೆಂಪು ನಡು, ಕಪ್ಪು ಹೊಟ್ಟೆಯ ಟೆಟ್ರಾಪೊನೆರಾ ರುಫೊನೈಗ್ರಾ, ಬೆನ್ನ ಮೇಲೆ ಗುರಾಣಿ ಹೊತ್ತ ಮೆರನೋಪ್ಲಸ್ ಬೈಕಲರ್, ಹೊಟ್ಟೆಗೆ ಚಿನ್ನದ ರೋಮ ಇರೋ ಕಂಪೊನೋಟಸ್ ಸೆರಿಸಿಯಸ್, ತಲೆ ಕಪ್ಪು ಮೈ ತಿಳಿ ಇರೋ ಟಪಿನೋಮಾ. ಇವಕ್ಕೆ ಸೂಜಿ ಯಾಕೆ, ಆಲ್ಕೋಹಾಲ್ ಯಾಕೆ? ಮೂರು ಫೋಟೊ ಸಾಕು: ಪಕ್ಕದಿಂದ, ಎದುರು ಮುಖ, ಮೇಲಿಂದ. ಪಕ್ಕದ ಫೋಟೊದಲ್ಲಿ ಸೊಂಟ ಸ್ಪಷ್ಟ ಇರಬೇಕು, ಅಳತೆಗೆ ಗ್ರಾಫ್ ಹಾಳೆಯ ಚೂರು ಪಕ್ಕದಲ್ಲಿರಬೇಕು. ಮೊಬೈಲಿಗೆ ಸಿಗಿಸೋ 10 ಪಟ್ಟಿನ ಲೆನ್ಸ್ ಆದರೂ ನಡೆಯುತ್ತೆ.

ಪೆನ್ಸಿಲ್‌ಚೀಟಿ
ನೀವು ಹೇಳಿದ ಆರೂ ಸುಲಭದವೇ ಆಗಿವೆ ಸರ್. ಫೈಡೋಲಿಗೆ ಏನು ಮಾಡ್ತೀರಿ? ಸಣ್ಣ ಕೆಲಸಗಾರ್ತಿ ಎಲ್ಲ ಪ್ರಭೇದದಲ್ಲೂ ಹೆಚ್ಚುಕಮ್ಮಿ ಒಂದೇ ಥರ. ಅದೇ ಗೂಡಿನ ದೊಡ್ಡ ತಲೆಯವಳು ಕೈಗೆ ಬೇಕು, ತಲೆಯ ಮೇಲಿನ ಗೆರೆ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕ್ರಿಮಾಟೊಗ್ಯಾಸ್ಟರ್, ಟೆಟ್ರಾಮೋರಿಯಮ್, ಮೊನೊಮೋರಿಯಮ್ ಎಲ್ಲ ಇದೇ ಕಥೆ. ಮಾದರಿ ಇಲ್ಲದೆ "ಫೈಡೋಲಿ 1, ಫೈಡೋಲಿ 2" ಅಂತ ಬರೆದರೆ ನಿಮ್ಮ ಫೈಡೋಲಿ 1, ಸಾಗರದವರ ಫೈಡೋಲಿ 1 ಒಂದೇನಾ ಅಂತ ಮುಂದೆ ಯಾರೂ ಹೋಲಿಸಲಾರರು.

ಪಿಜಿನ್
ಆರಲ್ಲಿ ಒಂದು ಇರುವೆಯೇ ಆಗಿರದೆ ಇರಬಹುದು ಮಾರಾಯ್ರೆ 😄 ಕಾಲು ಎಣಿಸಿ. ಚಗಳಿಯ ವೇಷ ಹಾಕಿದ ಜೇಡ ಉಂಟು, ಮಿರ್ಮಪ್ಲಾಟಾ ಪ್ಲಾಟಲಿಯಾಯ್ಡಿಸ್. ಮುಂದಿನ ಎರಡು ಕಾಲನ್ನ ಮೀಸೆ ಹಾಗೆ ಎತ್ತಿಕೊಂಡು ತಿರುಗ್ತದೆ. ಮುಟ್ಟೋಕೆ ಹೋದರೆ ನೂಲು ಬಿಟ್ಟು ಕೆಳಗೆ ಇಳೀತದೆ. ಇರುವೆ ನೂಲು ಬಿಡ್ಲಿಕ್ಕೆ ಉಂಟಾ?

ಕ್ಯಾಮೆರಾ ಕಣ್ಣು
ಎಂಟು ಕಾಲು ಎಣಿಸೋಕೂ ಫೋಟೊನೇ ಬೇಕಲ್ಲ. ಸರಿ, ಫೈಡೋಲಿ ಒಪ್ಪಿದೆ. ಉಳಿದದ್ದಕ್ಕೆ ನನ್ನ ಮಾತು ನಿಲ್ಲುತ್ತೆ.

ವಿಂಕ್ಲರ್ ಅಕ್ಕ
ವಿಧಾನಕ್ಕೆ ಬರೋಣ. ತರಗೆಲೆ ಇರುವೆಗೆ ಜಗತ್ತಿನಾದ್ಯಂತ ಬಳಸೋ ಒಂದು ಕ್ರಮ ಇದೆ: 200 ಮೀಟರ್ ಹಗ್ಗ, 10 ಮೀಟರಿಗೊಂದರಂತೆ 20 ಬಿಂದು. ಪ್ರತಿ ಬಿಂದುವಲ್ಲಿ 1 ಚದರ ಮೀಟರ್ ತರಗೆಲೆ ಸೋಸೋದು, ಪಕ್ಕದಲ್ಲೇ ಒಂದು ಪಿಟ್‌ಫಾಲ್ ಕಪ್ (ಓಡಾಡೋ ಇರುವೆ ಬೀಳಲಿ ಅಂತ ನೆಲದಲ್ಲಿ ಹೂತ ಲೋಟ). ಸೋಸಿದ ತರಗು ವಿಂಕ್ಲರ್ ಚೀಲದಲ್ಲಿ 48 ಗಂಟೆ, ಕಪ್ ನೆಲದಲ್ಲಿ 48 ಗಂಟೆ. ಇದನ್ನೇ ಪಾಲಿಸಿದರೆ ನಿಮ್ಮ ಅಂಕಿಯನ್ನ ಬೇರೆ ಜಿಲ್ಲೆ, ಬೇರೆ ದೇಶದ ಅಂಕಿ ಜೊತೆ ಇಟ್ಟು ನೋಡಬಹುದು.

ಸೋಸೋದು: ಎಲೆ, ಪುಡಿಮಣ್ಣು, ಕೊಳೆತ ಕಡ್ಡಿ ಎಲ್ಲ ಬಾಚಿ ಸುಮಾರು 1 ಸೆಂಟಿಮೀಟರ್ ಕಣ್ಣಿನ ಜರಡಿಯಲ್ಲಿ ಜೋರಾಗಿ ಅಲ್ಲಾಡಿಸಿ, ಕೆಳಗೆ ಬಿದ್ದ ಪುಡಿಯನ್ನ ಬಟ್ಟೆಚೀಲಕ್ಕೆ ತುಂಬಬೇಕು. ಬಾಚೋಕೆ ತಡ ಮಾಡಬಾರದು, ಕಾಲ ಸದ್ದಿಗೇ ಅರ್ಧ ಇರುವೆ ಇಳಿದುಹೋಗ್ತವೆ.

ವಿಂಕ್ಲರ್ ಚೀಲ ಅಂದರೆ ಹೊರಗೆ ಹತ್ತಿ ಬಟ್ಟೆಯ ಚೀಲ, ಒಳಗೆ ಜಾಲರಿಯ ತೆಳು ಚೀಲ ನೇತಾಡುತ್ತೆ, ತಳದಲ್ಲಿ ಆಲ್ಕೋಹಾಲ್ ಇರೋ ಬಟ್ಟಲು. ಕಲಕಿಹೋದ ತರಗಿನಿಂದ ಇರುವೆ ಹೊರಗೆ ನುಸುಳೋಕೆ ನೋಡಿ, ಜಾಲರಿ ದಾಟಿ ಕೆಳಗೆ ಬೀಳುತ್ತೆ. ಬಲ್ಬಿನ ಶಾಖ ಬೇಡ, ಕರೆಂಟ್ ಬೇಡ. ದರ್ಜಿ ಹತ್ತಿರ ಹೊಲಿಸಬಹುದು. ಕೆಡೋ ಜಾಗ ಹೇಳ್ತೀನಿ:

ಒಳ ಜಾಲರಿಗೆ ಸೊಳ್ಳೆಪರದೆ ಹಾಕಿಬಿಡ್ತಾರೆ. ಅದರ ಕಣ್ಣು ಮಿಲಿಮೀಟರಿನ ಆಸುಪಾಸು, ಸ್ಟ್ರುಮಿಜೆನಿಸ್ ದಾಟುತ್ತೆ, ಒಡಾಂಟೊಮ್ಯಾಕಸ್ ದಾಟಲ್ಲ. ಆಮೇಲೆ "ದೊಡ್ಡ ಇರುವೆ ಇಲ್ಲ" ಅಂತ ಬರೀತಾರೆ. 4 ಮಿಲಿಮೀಟರ್ ಜಾಲರಿ ಹಾಕಿ.

ತೊಯ್ದ ತರಗು ತುಂಬಬೇಡಿ, ಮುದ್ದೆ ಕಟ್ಟುತ್ತೆ, ಒಳಗಿಂದ ಏನೂ ಹೊರಗೆ ಬರಲ್ಲ. ಮಳೆ ನಿಂತು ಎರಡು ಒಣ ದಿನ ಕಳೆಯಲಿ.

ತುಂಬುವಾಗ ಬಟ್ಟಲು ತೆಗೆದಿಟ್ಟು ಆಮೇಲೆ ಕಟ್ಟಿ. ಇಲ್ಲದಿದ್ದರೆ ಅರ್ಧ ಬಟ್ಟಲು ಮಣ್ಣು, ವಿಂಗಡಿಸೋಕೆ ಒಂದು ವಾರ. 24 ಗಂಟೆ ಆದಮೇಲೆ ಒಳಗಿನ ತರಗನ್ನ ಒಮ್ಮೆ ಸುರಿದು, ಕಲಸಿ, ಮತ್ತೆ ತುಂಬಿದರೆ ಇಳುವರಿ ಹೆಚ್ಚು.

ಬಯಲುಸೀಮೆ
ಇದೆಲ್ಲ ನಿಮ್ಮ ಕಡೀಗೆ ಛಲೋ. ಗದಗ, ಕೊಪ್ಪಳದ ಹುಲ್ಲುಗಾವಲಿನ್ಯಾಗ ಸೋಸೂದಕ್ಕ ತರಗೆಲಿ ಎಲ್ಲೈತ್ರಿ? ಅಲ್ಲಿ ಪಿಟ್‌ಫಾಲ್ ಮತ್ತ ಗೂಡು ಹುಡುಕೂದು ಎರಡೇ. ಹುಲ್ಲಿನ ಬೀಜ ಒಯ್ಯೂ ಇರಬಿ, ಟ್ರೈಕೊಮಿರ್ಮೆಕ್ಸ್ ಸ್ಕ್ಯಾಬ್ರಿಸೆಪ್ಸ್ ಅಂಥಾವು, ಗೂಡಿನ ಬಾಯಿ ಸುತ್ತ ಹೊಟ್ಟು ಉಗುಳಿ ಬಳಿ ಥರ ಮಾಡಿರತಾವು. ಆ ಹೊಟ್ಟಿನ ಬಳಿ ನೋಡಿ ದೂರದಿಂದನ ಗೂಡು ಎಣಿಸಬಹುದು. ಹೊತ್ತು ಮಾತ್ರ ತಪ್ಪಬಾರದು. ನಡುಮಧ್ಯಾಹ್ನ ಹೋದ್ರ ಬಾಯಿ ಮುಂದ ಒಂದೂ ಇರಂಗಿಲ್ಲ. ನಸುಕಿನ್ಯಾಗ ಇಲ್ಲಾ ಸಂಜಿ ಮುಂದ ಹೋಗ್ರಿ.

ಪಿಜಿನ್
ಪಿಟ್‌ಫಾಲ್‌ಗೆ ಕಪ್ ಯಾವುದು? ದ್ರವ ಏನು?

ಪೆನ್ಸಿಲ್‌ಚೀಟಿ
ಬಾಯಿ 6–7 ಸೆಂಟಿಮೀಟರ್ ಇರೋ ಪ್ಲಾಸ್ಟಿಕ್ ಲೋಟ, ಒಂದರೊಳಗೆ ಒಂದು, ಎರಡೆರಡು. ಹೊರಗಿನದು ನೆಲದಲ್ಲೇ ಉಳಿಯುತ್ತೆ, ಒಳಗಿನದನ್ನ ಮಾತ್ರ ಎತ್ತಬಹುದು, ಸುತ್ತಲ ಮಣ್ಣು ಒಳಗೆ ಜಾರಲ್ಲ. ಅಂಚು ನೆಲಕ್ಕೆ ಸಮ, ಕೂದಲೆಳೆಯಷ್ಟು ಕೆಳಗಿದ್ದರೂ ಸರಿ, ಮೇಲಿರಬಾರದು. ಅಂಚು ಮೇಲೆದ್ದರೆ ಇರುವೆ ಸುತ್ತು ಹಾಕಿ ಹೋಗುತ್ತೆ.

ಹೂತ ದಿನವೇ ತೆರೆಯಬೇಡಿ. ಅಗೆದಾಗ ಮಣ್ಣು ಕಲಕಿ, ಸುತ್ತಲ ಗೂಡಿನವು ಏನಾಯ್ತು ಅಂತ ನೋಡೋಕೆ ದಂಡು ದಂಡಾಗಿ ಬರ್ತವೆ, ಲೆಕ್ಕ ಸುಳ್ಳಾಗುತ್ತೆ. ಮುಚ್ಚಳ ಹಾಕಿ ಕಡಿಮೆ ಅಂದರೂ 24 ಗಂಟೆ ಬಿಟ್ಟು ಆಮೇಲೆ ತೆಗೀರಿ.

ದ್ರವ ಕಾಲು ಲೋಟ ಸಾಕು. 48 ಗಂಟೆಗೆ ಉಪ್ಪು ನೀರು, ಅದಕ್ಕೆ ಪಾತ್ರೆ ತೊಳೆಯೋ ಸೋಪು ಎರಡು ಹನಿ. ಸೋಪು ಇಲ್ಲದಿದ್ದರೆ ಸಣ್ಣ ಇರುವೆ ನೀರಿನ ಮೇಲೆ ನಡೆದು ಗೋಡೆ ಹತ್ತಿ ಹೋಗುತ್ತೆ. ಹೆಚ್ಚು ದಿನಕ್ಕೆ ಪ್ರೊಪಿಲೀನ್ ಗ್ಲೈಕಾಲ್. ಗಾಡಿಯ ಕೂಲೆಂಟ್ ಸುರಿಯೋರಿದ್ದಾರೆ, ಸಾಮಾನ್ಯವಾಗಿ ಅದು ಎಥಿಲೀನ್ ಗ್ಲೈಕಾಲ್. ಸಿಹಿ ಇರುತ್ತೆ, ನಾಯಿ ದನ ನೆಕ್ಕಿದರೆ ಮೂತ್ರಪಿಂಡ ಹೋಗುತ್ತೆ. ತೋಟದಲ್ಲಿ ಖಂಡಿತ ಬೇಡ. ಮಳೆಗೆ ಮೇಲೊಂದು ಅಡಿಕೆ ಹಾಳೆ ನಾಲ್ಕು ಕಡ್ಡಿ ಮೇಲೆ ನಿಲ್ಲಿಸಿ.

ಎರುಗು
ಹಾಳೆ ಉಪಾಯ ಚೊಲೋ ಇದ್ದು. ಆದರೆ ಜೂನ್–ಜುಲೈಯಲ್ಲಿ ಹಾಳೆನೂ ಇಲ್ಲೆ, ಕಪ್ಪೂ ಇಲ್ಲೆ, ಎಲ್ಲ ತೇಲಿ ಹೋಗ್ತು. ಶಿರಸಿ ಕಡೆ ವರ್ಷಕ್ಕೆ 2500 ಮಿಲಿಮೀಟರ್ ಹತ್ತಿರ ಬೀಳೋ ಮಳೆ.

ವಿಂಕ್ಲರ್ ಅಕ್ಕ
ಅಕ್ಟೋಬರ್ ಕೊನೆಯಿಂದ ಡಿಸೆಂಬರ್. ಮಣ್ಣಲ್ಲಿ ತೇವ ಇರುತ್ತೆ, ಗುಡಿಸೋಕೂ ಇನ್ನೂ ಶುರು ಮಾಡಿರಲ್ಲ. ಎರಡನೇ ಸುತ್ತು ಮೇ ತಿಂಗಳ ಮೊದಲ ಅಡ್ಡಮಳೆ ಆದಮೇಲೆ.

ಅಡ್ಡಮಳೆ ಸಂಜೆ ದೀಪಕ್ಕೆ ಬರೋ ರೆಕ್ಕೆ ಹುಳು ಎಲ್ಲ ಇರುವೆ ಅಲ್ಲ. ಗೆದ್ದಲಿಗೆ ನಾಲ್ಕೂ ರೆಕ್ಕೆ ಒಂದೇ ಅಳತೆ, ಮೀಸೆ ನೇರ ಮಣಿಸರ, ಸೊಂಟ ದಪ್ಪ. ಇರುವೆಗೆ ಮುಂದಿನ ರೆಕ್ಕೆ ದೊಡ್ಡದು, ಮೀಸೆ ಮೊಣಕೈ ಥರ ಮಡಚಿರುತ್ತೆ, ಸೊಂಟ ಸಣ್ಣ. ಸಿಕ್ಕ ರೆಕ್ಕೆ ಇರುವೆಯನ್ನ ಕೆಲಸಗಾರ್ತಿಯರ ಕೀಲಿಪಟ್ಟಿಯಲ್ಲಿ (ಲಕ್ಷಣ ನೋಡಿ ಹೆಸರು ಪತ್ತೆ ಮಾಡೋ ಪಟ್ಟಿ) ಹುಡುಕಬೇಡಿ, ತಪ್ಪು ಹೆಸರು ಬರುತ್ತೆ. ದೀಪಕ್ಕೆ ಬರೋ ದೊಡ್ಡ, ಕಂದು ಬಣ್ಣದ "ಕಣಜ"ವನ್ನ ಮಾತ್ರ ಬಿಡಬೇಡಿ, ಅದು ಬಹುಪಾಲು ಡೋರಿಲಸ್ ಅನ್ನೋ ಇರುವೆಯ ಗಂಡು. ಅದರ ಕೆಲಸಗಾರ್ತಿಯರು ಕಣ್ಣಿಲ್ಲದವರು, ಮಣ್ಣೊಳಗೇ ಓಡಾಡೋರು, ನಿಮ್ಮ ಯಾವ ಬಲೆಗೂ ಬೀಳಲ್ಲ. ಆಲೂಗಡ್ಡೆ ಕೊರೆಯೋದು ಇದೇ ಕುಲದ ಓರಿಯೆಂಟಾಲಿಸ್. ಬೇಕಿದ್ದರೆ ತೂತು ಮಾಡಿದ ಡಬ್ಬಿಗೆ ಮಣ್ಣು ತುಂಬಿ, ಪಾಮ್ ಎಣ್ಣೆ ಸುರಿದು, 10–15 ಸೆಂಟಿಮೀಟರ್ ಆಳಕ್ಕೆ ಹೂತು ನೋಡಿ.

ಹಳೇ ಕಾಗದ
ಉತ್ತರ ಕನ್ನಡದವರು ಪಟ್ಟಿ ಶುರು ಮಾಡೋ ಮೊದಲು ಹಳೆಯದನ್ನ ನೋಡಬೇಕು. ದಕ್ಷಿಣ ಭಾರತದ ಇರುವೆಗಳನ್ನ ಬ್ರಿಟಿಷ್ ನಿಸರ್ಗತಜ್ಞ ಜೆರ್ಡನ್ ಪಟ್ಟಿ ಮಾಡಿದ್ದು 1851ರಲ್ಲಿ. ಮೇಲೆ ಬಂದ ಹಾರ್ಪೆಗ್ನಾಥಸ್ ಸಾಲ್ಟೇಟರ್, ಟೆಟ್ರಾಪೊನೆರಾ ರುಫೊನೈಗ್ರಾ ಎರಡಕ್ಕೂ ಹೆಸರಿಟ್ಟವನು ಅವನೇ. ಆಮೇಲೆ ಮುಂಬೈ ಪ್ರಾಂತ್ಯದ ಅರಣ್ಯ ಅಧಿಕಾರಿ ವ್ರೌಟನ್, ಸ್ವಿಟ್ಜರ್ಲೆಂಡಿನ ಫೊರೆಲ್, 1903ರಲ್ಲಿ ಬಿಂಗ್‌ಹ್ಯಾಮ್.

ಇಲ್ಲೊಂದು ಗುಂಡಿ ಇದೆ, ಎಷ್ಟೋ ಜನ ಬಿದ್ದಿದ್ದಾರೆ. ಆ ಕಾಲದ ಮಾದರಿಗಳ ಚೀಟಿಯಲ್ಲಿ ಊರ ಹೆಸರು "ಕೆನರಾ" ಅಂತ ಇರುತ್ತೆ, ಅಷ್ಟೇ. ಕಾರವಾರವಾ ಮಂಗಳೂರಾ? ಉತ್ತರ ಕನ್ನಡ 1862ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಹೋಯ್ತು, ದಕ್ಷಿಣ ಕನ್ನಡ ಮದ್ರಾಸಲ್ಲೇ ಉಳೀತು. ಹಾಗಾಗಿ ಯಾರು ಹಿಡಿದದ್ದು, ಅವರು ಯಾವ ಪ್ರಾಂತ್ಯದ ನೌಕರ ಅಂತ ನೋಡಿ ಊಹೆ ಮಾಡಬೇಕು. "ಮೈಸೂರು" ಅಂತಿದ್ದರೆ ಅದು ಊರಲ್ಲ, ಇಡೀ ಸಂಸ್ಥಾನ ಇರಬಹುದು. ಈಗಿನ ನಕ್ಷೆಯಲ್ಲಿ ಮೈಸೂರು ನಗರದ ಮೇಲೆ ಚುಕ್ಕೆ ಇಟ್ಟುಬಿಡ್ತಾರೆ.

ಪೆನ್ಸಿಲ್‌ಚೀಟಿ
ಚೀಟಿ ವಿಷಯ ತೆಗೆದದ್ದಕ್ಕೆ ಕೈ ಮುಗಿದೆ.

ಹಳೇ ಕಾಗದ
ಇನ್ನೂ ಒಂದಿದೆ. ಕರ್ನಾಟಕದ ಇರುವೆಗಳ ಬಗ್ಗೆ ಈಚಿನ ಕೆಲಸದ ಬುನಾದಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಮುಷ್ತಾಕ್ ಅಲಿ ಅವರದ್ದು. 1990ರ ದಶಕದಲ್ಲಿ ವಿಜ್ಞಾನಿ ರಾಘವೇಂದ್ರ ಗದಗ್‌ಕರ್ ಮತ್ತು ಸಂಗಡಿಗರು ಉತ್ತರ ಕನ್ನಡದ ಕಾಡು, ನೆಡುತೋಪುಗಳ ಕೀಟ, ಇರುವೆ ವೈವಿಧ್ಯದ ಬಗ್ಗೆ ಪ್ರಕಟಿಸಿದ್ದಿದೆ. ಇಡೀ ಭಾರತಕ್ಕೆ 2016ರ ಪಟ್ಟಿ: ಪ್ರಭೇದ ಉಪಪ್ರಭೇದ ಸೇರಿ 828, 100 ಕುಲ, 10 ಉಪಕುಟುಂಬ. ರಾಜ್ಯವಾರು ಕೊಟ್ಟಿದ್ದಾರೆ. ಅದರಲ್ಲಿ ಯಾವುದೋ ರಾಜ್ಯದ ಎದುರು ಸೊನ್ನೆ ಕಂಡರೆ ಅಲ್ಲಿ ಇರುವೆ ಇಲ್ಲ ಅಂತ ಓದಬೇಡಿ. ಹಂಚಿಕೆ ನಕ್ಷೆ ಅಂದರೆ ಅರ್ಧ ಇರುವೆಯ ನಕ್ಷೆ, ಅರ್ಧ ಹುಡುಕಿದವರ ಬಸ್ ರೂಟು.

ಪಿಜಿನ್
ಬಸ್ ರೂಟು 😂 ಜೋಗದಲ್ಲಿ ಹಾರ್ಪೆಗ್ನಾಥಸ್, ಮೂಡಿಗೆರೆಯಲ್ಲಿ ಹಾರ್ಪೆಗ್ನಾಥಸ್. ನಡುವೆ ಇರುವೆ ಹಾರಿಕೊಂಡು ಹೋಯ್ತಾ?

ವಿಂಕ್ಲರ್ ಅಕ್ಕ
ಅದೇ ಉದಾಹರಣೆ ಸರಿ. ಅದು ಬೆಲ್ಲಕ್ಕೆ ಬರಲ್ಲ, ಸಾಲು ಕಟ್ಟಲ್ಲ. ಒಂದೊಂದೇ ಹಗಲು ಹೊತ್ತು ಜೀವಂತ ಬೇಟೆ ಹುಡುಕುತ್ತೆ, ದೊಡ್ಡ ಕಣ್ಣು, ಹತ್ತಿರ ಹೋದರೆ ಜಿಗಿಯುತ್ತೆ. ಅದನ್ನ ಹಿಡಿಯೋ ವಿಧಾನ ಅಂದರೆ ಸುಮ್ಮನೆ ಒಂದು ಜಾಗದಲ್ಲಿ ಕೂತು ನೆಲ ನೋಡೋದು. ಒಳಗಿನ ಗೂಡು ನೋಡಿದರಂತೂ ಬೆರಗು, ಖಾಲಿ ಗೂಡುಕೋಶದ ಚೂರುಗಳಿಂದ ಗೋಡೆಗೆ ಕಾಗದ ಅಂಟಿಸಿದ ಹಾಗೆ ಹೊದಿಸಿರ್ತವೆ. 1994ರಲ್ಲಿ ಪ್ರಕಟವಾದ ಆ ಗೂಡಿನ ವಿವರಣೆಯಲ್ಲಿ ಮುಷ್ತಾಕ್ ಅಲಿ ಅವರ ಹೆಸರೂ ಇದೆ.

ಕಾಫಿಗಿಡ
ತೋಟದವರ ಪ್ರಶ್ನೆ. ಚಗಳಿ ಇದ್ದರೆ ಒಳ್ಳೆಯದೋ ಕೆಟ್ಟದ್ದೋ? ಕಾಫಿ ಕುಯ್ಯೋಕೆ ಆಳು ಬರಲ್ಲ ಅಂತಾರೆ.

ಎರುಗು
ಗೇರು ತೋಟದಲ್ಲಿ ಒಳ್ಳೇದು. ಚಿಗುರು, ಹೂಗೊಂಚಲು ಕರಟಿಸೋ ಟೀ ಸೊಳ್ಳೆಯನ್ನ ಓಡಿಸ್ತು.

ಪೆನ್ಸಿಲ್‌ಚೀಟಿ
ಕಾಫಿಯಲ್ಲಿ ಲೆಕ್ಕ ಬೇರೆ. ಹಿಟ್ಟು ತಿಗಣೆ, ಹಸಿರು ಶಲ್ಕ ಕೀಟ ಸುರಿಸೋ ಸಿಹಿ ಅಂಟಿಗೆ ಇರುವೆ ಬರುತ್ತೆ, ಪ್ರತಿಯಾಗಿ ಅವಕ್ಕೆ ಕಾವಲು ಕಾಯುತ್ತೆ. ಹಿಟ್ಟು ತಿಗಣೆಗೆ ಬಿಡೋ ಲೆಪ್ಟೋಮ್ಯಾಸ್ಟಿಕ್ಸ್ ಪರಾವಲಂಬಿ ಕಣಜ ಇರುವೆ ಕಾವಲಿದ್ದರೆ ಮೊಟ್ಟೆ ಇಡೋಕೆ ಹತ್ತಿರ ಬರೋಕಾಗಲ್ಲ. ಕಣಜ ಬಿಟ್ಟು ಪ್ರಯೋಜನ ಆಗಲಿಲ್ಲ ಅನ್ನೋರು ಮೊದಲು ಕಾಂಡದ ಮೇಲೆ ಇರುವೆ ಸಾಲು ಇದೆಯಾ ನೋಡಲಿ. ಯಾವ ಇರುವೆ ಅನ್ನೋದೂ ಮುಖ್ಯ, ಚಗಳಿಯೊಂದೇ ಅಲ್ಲ, ಕ್ರಿಮಾಟೊಗ್ಯಾಸ್ಟರ್, ಟೆಕ್ನೊಮಿರ್ಮೆಕ್ಸ್, ಅನಾಪ್ಲೊಲೆಪಿಸ್ ಎಲ್ಲ ಇದೇ ಕಸುಬಿನವು. ಔಷಧಿ ಹೊಡೆಯೋ ಮೊದಲು ಗಿಡಕ್ಕೆ ತಾಗೋ ಕಳೆ, ನೆರಳುಮರದ ಕೆಳಗಿನ ಕೊಂಬೆ ಬಿಡಿಸಿ. ಸೇತುವೆ ಕಡಿದರೆ ಅರ್ಧ ಕೆಲಸ ಆಯ್ತು.

ಕಾಫಿಗಿಡ
ಮರದ ಮೇಲೆ ಕಪ್ಪು ಫುಟ್‌ಬಾಲ್ ಥರ ಗೂಡು ಇರುತ್ತಲ್ಲ, ಅದೂ ಇರುವೆಯಾ ಗೆದ್ದಲಾ?

ಕ್ಯಾಮೆರಾ ಕಣ್ಣು
ಕ್ರಿಮಾಟೊಗ್ಯಾಸ್ಟರ್. ನಾರು ಅಗಿದು ರಟ್ಟಿನ ಹಾಗೆ ಕಟ್ಟೋದು. ಕೆಂದು ಮರಕುಟಿಗ ಅದೇ ಗೂಡು ಕೊರೆದು ಒಳಗೆ ಮೊಟ್ಟೆ ಇಡುತ್ತೆ, ಇರುವೆ ಇನ್ನೂ ವಾಸವಿರುವಾಗಲೇ. ಇರುವೆಯನ್ನ ಗುರುತಿಸೋದು ಸುಲಭ: ಹೊಟ್ಟೆ ಹೃದಯದಾಕಾರ, ಸಿಟ್ಟು ಬಂದರೆ ತಲೆ ಮೇಲಿಂದ ಮುಂದಕ್ಕೆ ಬಗ್ಗಿಸುತ್ತೆ.

ಬಯಲುಸೀಮೆ
ಚಗಳಿ ಚಟ್ನಿ ಬಗ್ಗೆ ಯಾರೂ ಮಾತಾಡವಲ್ಲರಿ?

ಪಿಜಿನ್
ಬಂತು! ಒಡಿಶಾದ ಸಿಮಿಲಿಪಾಲ್ ಕಾಯಿ ಚಟ್ನಿಗೆ 2024ರ ಜನವರಿಯಲ್ಲಿ ಜಿಐ ಟ್ಯಾಗ್ ಸಿಕ್ತು, ಅದೂ ಇದೇ ಚಗಳಿ. ನಮ್ಮ ಮಲೆನಾಡಿನದ್ದು ಇನ್ನೂ ಮಲೆನಾಡಿನಲ್ಲೇ ಉಂಟು.

ಎರುಗು
ಮಾಡೋ ಕ್ರಮ: ಗೂಡು ಕೊಯ್ದು ಚೀಲಕ್ಕೆ ಹಾಕಿ ಬಾಯಿ ಕಟ್ಟೋದು, ಎಲೆ ಬಿಡಿಸಿ ಇರುವೆ, ಮೊಟ್ಟೆ, ಮರಿ ಬೇರೆ ಮಾಡೋದು, ಕಾವಲಿಯಲ್ಲಿ ಉಪ್ಪು ಹಾಕಿ ಹುರಿಯೋದು, ಕಾಯಿ, ಮೆಣಸು, ಬೆಳ್ಳುಳ್ಳಿ ಜೊತೆ ಅರೆಯೋದು. ಹುಳಿ ಬೇರೆ ಬೇಡ. ಫಾರ್ಮಿಕ್ ಆಮ್ಲವೇ ಹುಳಿ. ಜಾಸ್ತಿ ಹುರಿದರೆ ಆ ಹುಳಿ ಹಾರಿಹೋಗ್ತು, ಬರೀ ಸಿಪ್ಪೆ ಉಳೀತು.

ವಿಂಕ್ಲರ್ ಅಕ್ಕ
ಚಟ್ನಿಗೂ ಎಣಿಕೆಗೂ ಸಂಬಂಧ ಇರೋ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ಹತ್ತು ಗೂಡು ಅಂದರೆ ಹತ್ತು ಕುಟುಂಬ ಅಲ್ಲ. ಚಗಳಿಯ ಒಂದೇ ಕುಟುಂಬ ಹಲವು ಮರಕ್ಕೆ ಹರಡಿ ಎಷ್ಟೋ ಗೂಡು ಕಟ್ಟಿರುತ್ತೆ. ಒಂದು ಮರದಿಂದ ನಾಲ್ಕಾರು ಇರುವೆ ತೆಗೆದು ಇನ್ನೊಂದು ಮರದ ಸಾಲಿಗೆ ಬಿಡಿ. ಮೀಸೆ ತಾಗಿಸಿ ಸುಮ್ಮನೆ ಸೇರಿಸಿಕೊಂಡರೆ ಒಂದೇ ಮನೆ. ಕಾಲು ಹಿಡಿದು ಎಳೆದಾಡಿದರೆ ಬೇರೆ.

ಸೊಪ್ಪಿನಬೆಟ್ಟ
ಗುರುತಿಸೋದರಲ್ಲಿ ಮೊದಲು ಏನು ನೋಡಬೇಕು? ಕೀಲಿಪಟ್ಟಿ ತೆಗೆದ ಕೂಡಲೇ ತಲೆ ಸುತ್ತುತ್ತೆ.

ಪೆನ್ಸಿಲ್‌ಚೀಟಿ
ಸೊಂಟ. ಗಂಟು ಒಂದಾ ಎರಡಾ?

ಎರಡಿದ್ದರೆ ಬಹುಪಾಲು ಮಿರ್ಮಿಸಿನೆ ಉಪಕುಟುಂಬ. ಸಪೂರ ಮೈ, ದೊಡ್ಡ ಕಣ್ಣು, ಮರದ ಮೇಲೆ ಸಿಕ್ಕಿದ್ದಾದರೆ ಟೆಟ್ರಾಪೊನೆರಾ ಇರಬಹುದು. ಒಂದೇ ಗಂಟಿದ್ದರೆ ಹೊಟ್ಟೆಯ ತುದಿ ನೋಡಿ. ಚುಚ್ಚುಮುಳ್ಳು ಇದ್ದು, ಹೊಟ್ಟೆಯ ಮೊದಲ ಎರಡು ಭಾಗದ ನಡುವೆ ಬಿಗಿದ ಹಾಗಿದ್ದರೆ ಪೊನೆರಿನೆ. ರೋಮದ ಸುತ್ತುಬೇಲಿ ಇರೋ ದುಂಡು ರಂಧ್ರ ಇದ್ದರೆ ಫಾರ್ಮಿಸಿನೆ. ಮುಳ್ಳೂ ಇಲ್ಲ, ದುಂಡು ರಂಧ್ರವೂ ಇಲ್ಲ, ಬರೀ ಸೀಳು ಅಂದರೆ ಡಾಲಿಕೊಡೆರಿನೆ. ಡೋರಿಲಸ್‌ಗೂ ಒಂದೇ ಗಂಟು, ಆದರೆ ಕಣ್ಣೇ ಇಲ್ಲದ್ದರಿಂದ ತಪ್ಪೋಕೆ ಆಗಲ್ಲ.

ಆಮೇಲೆ ಮೀಸೆಯ ಗಿಣ್ಣು ಎಣಿಸಿ. ಮಿರ್ಮಿಕೇರಿಯಾಗೆ 7, ಮೆರನೋಪ್ಲಸ್‌ಗೆ 9, ಸೊಲೆನೊಪ್ಸಿಸ್‌ಗೆ 10 ಮತ್ತು ತುದಿಯಲ್ಲಿ ಎರಡು ಗಿಣ್ಣಿನ ಗದೆ. ಇಲ್ಲಿನ ಫೈಡೋಲಿಗೆ 12, ಗದೆ ಮೂರು ಗಿಣ್ಣಿನದು. ಅಂಗಳದಲ್ಲಿ ಕೆಂಪಗೆ ಕಚ್ಚೋದೆಲ್ಲ ಸೊಲೆನೊಪ್ಸಿಸ್ ಅಂತ ಬರೆಯೋರಿಗೆ ಇದೊಂದೇ ಎಣಿಕೆ ಸಾಕು.

ಅಂಟಿಸೋದು: ಗಟ್ಟಿ ಕಾಗದದ ಸಣ್ಣ ತ್ರಿಕೋನ, ಅದರ ಚೂಪು ತುದಿ ನಡುಗಾಲು ಹಿಂಗಾಲಿನ ಬುಡದ ಮಧ್ಯೆ ಬಲಗಡೆಯಿಂದ ತಾಗಬೇಕು. ಅಂಟು ಸೊಂಟಕ್ಕೆ ಹರಿದರೆ ಆ ಮಾದರಿಯ ಕಥೆ ಮುಗೀತು.

ಸೊಪ್ಪಿನಬೆಟ್ಟ
ಆಲ್ಕೋಹಾಲ್ ಸಿಗೋದೇ ಕಷ್ಟ.

ವಿಂಕ್ಲರ್ ಅಕ್ಕ
ರೂಪ ನೋಡೋಕೆ ಮಾತ್ರವಾದರೆ ಔಷಧಿ ಅಂಗಡಿಯ 70 ಶೇಕಡಾ ಐಸೊಪ್ರೊಪೈಲ್ ನಡೆಯುತ್ತೆ. ಡಿಎನ್‌ಎಗೆ 95 ಶೇಕಡಾ ಎಥನಾಲೇ ಬೇಕು, ಕಾಲೇಜಿನ ಪ್ರಯೋಗಾಲಯದ ಮೂಲಕ ತರಿಸಿ. ಶೀಶೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇರುವೆ ತುಂಬಬೇಡಿ, ಮಾರನೇ ದಿನ ದ್ರವ ಬದಲಿಸಿ. ಇರುವೆಯ ಮೈನೀರು ಬೆರೆತು ತೆಳುವಾಗಿ ಕೊಳೆಯೋಕೆ ಶುರುವಾಗುತ್ತೆ.

ಪೆನ್ಸಿಲ್‌ಚೀಟಿ
ಚೀಟಿ ಶೀಶೆಯ ಒಳಗೆ, ಪೆನ್ಸಿಲಲ್ಲಿ. ಬಾಲ್‌ಪೆನ್ ಶಾಯಿ ಆಲ್ಕೋಹಾಲಲ್ಲಿ ಕರಗಿ ಚೀಟಿ ಬೋಳಾಗುತ್ತೆ. ಅಕ್ಷಾಂಶ ರೇಖಾಂಶ, ಎತ್ತರ, ತಾರೀಕು, ಜಾಗದ ಬಗೆ, ವಿಧಾನ, ಹಿಡಿದವರ ಹೆಸರು.

ಹಳೇ ಕಾಗದ
ಕಾಗದಪತ್ರದ ಮಾತು ಬಂತಲ್ಲ, ಇದೂ ಕೇಳಿ. ಸೊಪ್ಪಿನಬೆಟ್ಟದ ಸೊಪ್ಪು ತರಗಿನ ಸವಲತ್ತು ತೋಟದವರದ್ದು, ಜಮೀನು ಅರಣ್ಯ ಇಲಾಖೆಯದು. ತರಗು ಬಾಚೋಕೆ ಇರೋ ಹಕ್ಕು ಇರುವೆ ಹಿಡಿಯೋಕೆ ಅನ್ವಯಿಸಲ್ಲ. ಬರೆದು ಅನುಮತಿ ತಗೊಳ್ಳಿ. ಹೊಸ ಪ್ರಭೇದ ಅಂತ ಏನಾದರೂ ಸಿಕ್ಕರೆ 2002ರ ಜೀವವೈವಿಧ್ಯ ಕಾಯಿದೆ ಪ್ರಕಾರ ಮಾದರಿಯನ್ನ ಮಾನ್ಯ ಸಂಗ್ರಹಾಲಯಕ್ಕೆ ಕೊಡಬೇಕು. ಗೆಳೆಯರಿದ್ದಾರೆ ಅಂತ ಹೊರದೇಶಕ್ಕೆ ಅಂಚೆಯಲ್ಲಿ ಕಳಿಸೋ ಹಾಗಿಲ್ಲ.

ಕ್ಯಾಮೆರಾ ಕಣ್ಣು
ಹೊಸ ಪ್ರಭೇದ ಅಂದಾಗ ನೆನಪಾಯ್ತು, 2024ರಲ್ಲಿ ಹೆಸರಿಟ್ಟ ನೀಲಿ ಇರುವೆ. ಪ್ಯಾರಾಪ್ಯಾರಾಟ್ರೆಕಿನಾ ನೀಲಾ. ಅರುಣಾಚಲದ ಸಿಯಾಂಗ್ ಕಣಿವೆ, ಮರದ ಪೊಟರೆಯಲ್ಲಿ ಸಿಕ್ಕಿದ್ದು. ಹೆಸರಿಟ್ಟವರು ಬೆಂಗಳೂರಿನ ಏಟ್ರೀ ಸಂಸ್ಥೆಯವರು. 2 ಮಿಲಿಮೀಟರ್ ಕೂಡ ಇಲ್ಲ, ಆದರೂ ಕಣ್ಣಿಗೆ ಬಿತ್ತು. ಕಣ್ಣು ಬೇಕು ಅಂತ ಹೇಳಿದ್ದೆ ತಾನೇ?

ವಿಂಕ್ಲರ್ ಅಕ್ಕ
ಕಣ್ಣಿಗೆ ಬಿತ್ತು, ಆಮೇಲೆ ಶೀಶೆಗೂ ಬಿತ್ತು.

ಲೆಕ್ಕದ್ದು ಒಂದು ಉಳಿದಿದೆ. ಎಷ್ಟು ತಪ್ಪಿಹೋಗಿದೆ ಅಂತ ಅಂದಾಜು ಮಾಡೋಕೆ ಇರುವೆಗಳ ತಲೆ ಎಣಿಸಬೇಡಿ. ಫೈಡೋಲಿ ಗೂಡಿನ ಪಕ್ಕದ ಒಂದು ಕಪ್ಪಲ್ಲಿ 400 ಬಿದ್ದಿರುತ್ತೆ, ಅದಕ್ಕೆ ಅರ್ಥ ಇಲ್ಲ. ಎಷ್ಟು ಬಿಂದುಗಳಲ್ಲಿ ಸಿಕ್ಕಿತು ಅನ್ನೋದಷ್ಟೇ ಬೇಕು. ಉದಾಹರಣೆಗೆ 20 ಬಿಂದು, 38 ಪ್ರಭೇದ. ಒಂದೇ ಬಿಂದುವಲ್ಲಿ ಸಿಕ್ಕವು 12, ಎರಡೇ ಬಿಂದುವಲ್ಲಿ ಸಿಕ್ಕವು 6 ಅನ್ನಿ. 12ರ ವರ್ಗ 144, ಅದನ್ನ 6ರ ಎರಡರಷ್ಟು ಅಂದರೆ 12ರಿಂದ ಭಾಗಿಸಿದರೆ 12. 38ಕ್ಕೆ 12 ಕೂಡಿಸಿ, 50. ಕಡಿಮೆ ಅಂದರೂ ಇಷ್ಟಿರಬೇಕು ಅನ್ನೋದು ಚಾವೊ ಅಂದಾಜು. ಒಂಟಿಯಾಗಿ ಸಿಕ್ಕವು ಜಾಸ್ತಿ ಇದ್ದಷ್ಟೂ ಕೆಲಸ ಬಾಕಿ ಇದೆ ಅಂತ.

ಹಳೇ 31ನ್ನ ಇದರ ಜೊತೆ ಕೂಡಿಸಬೇಡಿ. ವಿಧಾನವಾರು ಬೇರೆ ಬೇರೆ ಕಾಲಮ್.

ಬಯಲುಸೀಮೆ
ಊರ ಹೆಸರಿನ ಕಾಲಮ್ಮೂ ಒಂದ್ ಇಡ್ರಿ. ಗೊದ್ದ, ಕಟ್ಟಿರುವೆ, ಕೆಂಜಗ, ಚಗಳಿ. ಒಂದ ಹೆಸರು ಒಂದೊಂದ ಊರಾಗ ಒಂದೊಂದ ಇರಬಿಗೆ ಐತಿ. ಕೆಂಜಗ ಅಂದ್ರ ಕೆಲವರಿಗೆ ಮರದ್ದು, ಕೆಲವರಿಗೆ ನೆಲದ್ದು. ಶೀಶೆ ತೋರ್ಸಿ ಕೇಳ್ರಿ, ಹೆಸರು ಹೇಳಿ ಇರಬಿ ಕೇಳಬ್ಯಾಡ್ರಿ.

ಸೊಪ್ಪಿನಬೆಟ್ಟ
ಎಲ್ಲ ಬರ್ಕೊಂಡೆ. ನವೆಂಬರ್ ಮೊದಲ ವಾರ, ಗುಡಿಸೋ ಮುಂಚೆ. ಗುಡಿಸೋ ಬೆಟ್ಟ, ಗುಡಿಸದ ಬೆಟ್ಟ, ತೋಟ, ಬದು, ಅಂಗಳ: ಐದು ಕಡೆ 20 ಬಿಂದು. ತರಗು ಇಲ್ಲದ ಕಡೆ ಪಿಟ್‌ಫಾಲ್ ಮಾತ್ರ. ಬೆಲ್ಲದ ಜೊತೆ ಒಣಮೀನಿನ ಪುಡಿ, ರಾತ್ರಿ 8ರಿಂದ 10 ಕೈಯಲ್ಲಿ ಹಿಡಿಯೋದು. ಚೀಟಿ ಮಾದರಿ ಹೀಗೆ ಇರಲಿ ಅಂತ: "ಉತ್ತರ ಕನ್ನಡ, ಶಿರಸಿ ತಾಲೂಕು, ಸೊಪ್ಪಿನಬೆಟ್ಟ (ಗುಡಿಸದ್ದು), ಬಿಂದು 7, ವಿಂಕ್ಲರ್ 48 ಗಂಟೆ, ಅಕ್ಷಾಂಶ, ರೇಖಾಂಶ, ತಾರೀಕು, ಹಿಡಿದವರು". ಸರಿ ಇದೆಯಾ?

ಪೆನ್ಸಿಲ್‌ಚೀಟಿ
ಎತ್ತರ ಎಲ್ಲಿ?